ಸೋಮವಾರ ಬಂದ ಹೋರಿ

ಅವತ್ತು ಮುಂಜಾನೆ ಮಣಕ ಒದರಿದ ದನಿಗೆ ನಮ್ಮ ಮನೆಯಲ್ಲಿ ಎಲ್ಲರಿಗೂ ಒಟ್ಟಿಗೇ ಎಚ್ಚರವಾಯಿತು. ಹಸಿವಾದಾಗ ಒದರುವುದು ಬೇರೆ, ನೀರಡಿಸಿದಾಗ ಒದರುವುದು ಬೇರೆ. ಇದು ಕೊರಳು ಚಾಚಿ ದೂರದಲ್ಲಿರುವ ಯಾರನ್ನೋ ಕರೆಯುವ ದನಿ. ನಾನು ಕೌದಿ ಸರಿಸಿ ಎದ್ದು ದನ ಕಟ್ಟುವ ಅಂಕಣಕ್ಕೆ ಹೋಗುವಷ್ಟರಲ್ಲಿ ಅವ್ವ ಆಗಲೇ ಅಲ್ಲಿ ನಿಂತಿದ್ದಳು. ಬಾಲ ಎತ್ತಿ ನೋಡಿ, ಬೆರಳಿಗೆ ಹತ್ತಿದ ಲೋಳೆಯನ್ನು ಮೇವಿಗೆ ಒರೆಸಿದಳು.

"ಬೆದಿಗೆ ಬಂದಾಳ. ಇವತ್ತ ಆಗಬೇಕ ನೋಡಪಾ, ಇವತ್ತ ಬಿಟ್ರ ಇಲ್ಲ," ಎಂದಳು.

ಇನ್ನೂ ಒಂದು ಸಲವೂ ಈಯದ ಆ ಹರೆಯದ ಆಕಳ ಮೇಲೆ ನಮ್ಮ ಮನೆಯ ಒಂದು ತಳಿಯೇ ನಿಂತಿತ್ತು. ಅವ್ವ ಮದುವೆಯಾಗಿ ಬರುವಾಗ ಅವಳ ತವರಿನವರು, ಅಂದರೆ ನಮ್ಮ ಯಲಬುರ್ಗಾ ಕಡೆಯ ಮಂಗಳೂರಿನವರು, ಒಂದು ಬಿಳಿ ಆಕಳನ್ನು ಬಳುವಳಿಯಾಗಿ ಕೊಟ್ಟಿದ್ದರು. ಅದರ ಹೊಟ್ಟೆಯಿಂದ ಬಂದ ಎತ್ತುಗಳೇ ನಮ್ಮ ಎರೆಹೊಲ ಉತ್ತವು. ನಾನು ಸಣ್ಣವನಿದ್ದಾಗಲೇ ಸಾಲಿ ಬಿಟ್ಟು ನೇಗಿಲು ಹಿಡಿದಾಗ ನನ್ನ ಮುಂದೆ ನಡೆದ ಜೋಡಿಯೂ ಅದೇ ಮನೆತನದ್ದು. ಎತ್ತರದ ಎತ್ತುಗಳಲ್ಲ, ನೋಡಿದವರು ನಿಂತು ನೋಡುವಂಥವೂ ಅಲ್ಲ. ಆದರೆ ಹೆಜ್ಜೆ ಹಗುರ. ಸಜ್ಜೆಯ ಸಾಲುಗಳ ನಡುವೆ ಎಡೆ ಹೊಡೆಯುವಾಗ ಒಂದು ಸಸಿಯ ಮೇಲೂ ಗೊರಸು ಬೀಳುತ್ತಿರಲಿಲ್ಲ. ಈಗ ಉಳುವುದಕ್ಕೆ ಟ್ರ್ಯಾಕ್ಟರ್ ಬರುತ್ತದೆ, ಬಿತ್ತುವುದಕ್ಕೂ ಬರುತ್ತದೆ. ಬೆಳೆ ಮೊಣಕಾಲಿನವರೆಗೆ ಬಂದ ಮೇಲೆ ಸಾಲಿನೊಳಗೆ ಇಳಿದು ಕಸ ತೆಗೆಯಲು ಮಾತ್ರ ಎತ್ತೇ ಬೇಕು, ಅದೂ ಕಾಲು ನೋಡಿಕೊಂಡು ಇಡುವ ಎತ್ತು. ನನ್ನ ಎತ್ತು ಎಡೆ ಹೊಡೆದ ಹೊಲವನ್ನು ನೋಡಲು ಪಕ್ಕದ ಊರಿನವರೂ ಬದುವಿನ ಮೇಲೆ ನಿಂತದ್ದುಂಟು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

ಆ ತಳಿ ಕರಗುತ್ತ ಬಂದಿತ್ತು. ಅಕ್ಕತಂಗಿಯರ ಮನೆಗೆ ಕೊಟ್ಟ ಕರುಗಳ ಸಂತಾನ ಎಲ್ಲೂ ಉಳಿಯಲಿಲ್ಲ. ಮೈಮೇಲೆ ಗಂಟು ಏಳುವ ರೋಗ ಬಂದ ವರ್ಷ ನಮ್ಮಲ್ಲಿದ್ದ ತಾಯಿ ಆಕಳೂ ಹೋಯಿತು. ಉಳಿದದ್ದು ಈ ಒಂದೇ ಮಣಕ. ಎಳೆಯದರಲ್ಲೇ ತಾಯಿಯ ಹಾಲು ತಪ್ಪಿದ್ದರಿಂದ ಮೈ ತುಂಬಿಕೊಳ್ಳಲಿಲ್ಲ, ಸೊಂಟ ಕಿರಿದಾಗಿಯೇ ಉಳಿಯಿತು. ಪಶು ಆಸ್ಪತ್ರೆಯ ಡಾಕ್ಟರು ಎರಡು ಸಲ ಸೂಜಿ ಮಾಡಿದರೂ ಗಬ್ಬ ನಿಲ್ಲಲಿಲ್ಲ. ಕೊನೆಗೆ ಅವರೇ ಕೈ ತೊಳೆದುಕೊಳ್ಳುತ್ತ ಹೇಳಿದರು.

"ಯಜಮಾನ್ರ, ಒಮ್ಮೆ ಹೋರಿ ಬಿಟ್ಟು ನೋಡ್ರಿ. ಆದ್ರ ಸಣ್ಣ ಮೈಯಿನ ಹೋರಿ ಇರಲಿ. ಈಕಿ ಸೊಂಟ ಕಿರಿದೈತಿ. ಕರ ದೊಡ್ಡದಾತಂದ್ರ ತಾಯೀನೂ ಉಳಿಯಂಗಿಲ್ಲ, ಕರಾನೂ ಉಳಿಯಂಗಿಲ್ಲ."

ಹೋರಿ ಆರಿಸುವುದನ್ನು ನಾನು ಅಪ್ಪನಿಂದ ಕಲಿತೆ. ಅಪ್ಪ ಹೋರಿಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಕೊಂಬು, ಭುಜ, ಮೈಯ ಹೊಳಪು ನೋಡಿ ಉಳಿದವರು ಬಾಯಿ ತೆರೆದುಕೊಂಡು ನಿಂತಾಗ ಅವನು ಮೆಲ್ಲಗೆ ಓಣಿಗೆ ಇಳಿಯುತ್ತಿದ್ದ. ಆ ಹೋರಿಗೆ ಹುಟ್ಟಿದ ಕರುಗಳು ಯಾರ ಯಾರ ಮನೆಯಲ್ಲಿವೆ ಎಂದು ಕೇಳಿ, ಹೋಗಿ ಅವುಗಳ ಕಾಲು ನೋಡುತ್ತಿದ್ದ, ತಲೆ ನೋಡುತ್ತಿದ್ದ. ಆಮೇಲೆ ಮನೆಯ ಹೆಂಗಸರನ್ನು ಕರೆದು, ಈಯುವಾಗ ತಾಯಿ ಎಷ್ಟು ತ್ರಾಸು ಪಟ್ಟಿತು ಎಂದು ವಿಚಾರಿಸುತ್ತಿದ್ದ. ಹೋರಿ ಹೇಗಿದೆ ಎಂದು ಗಂಡಸರು ಹೇಳುತ್ತಾರೆ, ಆಕಳು ಹೇಗೆ ಈದಿತು ಎಂಬುದು ಪಕ್ಕದಲ್ಲಿ ಕೂತ ಹೆಂಗಸರಿಗೇ ಗೊತ್ತು ಎಂಬುದು ಅವನ ಲೆಕ್ಕ.

ನಾನೂ ಹಾಗೆಯೇ ಬೇಸಿಗೆಯಿಂದ ಶ್ರಾವಣದವರೆಗೂ ಮೋಟರ್‌ಸೈಕಲ್ ಮೇಲೆ ಕುಷ್ಟಗಿ ಕಡೆ, ಯಲಬುರ್ಗಾ ಕಡೆ ತಿರುಗಿದೆ. ಕೊನೆಗೆ ಗುಡ್ಡದ ಆಚೆಯ ಒಂದು ಊರಲ್ಲಿ ನನಗೆ ಬೇಕಾದದ್ದು ಸಿಕ್ಕಿತು. ಗಂಡ ತೀರಿಕೊಂಡ ಮೇಲೆ ಹೊಲವನ್ನು ತಾನೇ ನೋಡಿಕೊಳ್ಳುವ ಒಬ್ಬ ಹೆಂಗಸಿನ ಹೋರಿ ಅದು. ಮೈ ಗಿಡ್ಡ, ತಲೆ ಸಣ್ಣದು, ಕಾಲು ಜಿಂಕೆಯದು. ಅದರ ಕರುಗಳನ್ನು ನೋಡಿದೆ. ಹುಟ್ಟಿದ ಸ್ವಲ್ಪ ಹೊತ್ತಿಗೇ ಎದ್ದು ನಿಂತವು ಎಂದು ಎಲ್ಲ ಮನೆಗಳಲ್ಲೂ ಹೇಳಿದರು. ಆ ಹೆಂಗಸಿನ ಬಾಯಿ ಮಾತ್ರ ಕುಡುಗೋಲು.

"ಇದು ಹೊಲ ಹೂಡೂ ಹೋರಿ, ಊರ ಆಕಳ ಕಾಯೂ ಹೋರಿ ಅಲ್ಲ. ಅಮಾಸಿ ವಾರದಾಗ ಬೀಜ ಒಡಸ್ತೀನಿ. ಅಷ್ಟರಾಗ ನಿಮ್ಮ ಮಣಕ ಬೆದಿಗೆ ಬಂತು, ನಿಮ್ಮ ಪುಣ್ಯ. ಒಂದ ಕಾಯಿ, ಒಂದ ಬೊಗಸಿ ಸಜ್ಜಿ ತರ್ರಿ. ಮತ್ತೇನ ಬ್ಯಾಡ."

ಮಣಕ ಒದರಿದ್ದು ಸೋಮವಾರ, ಅಮಾವಾಸ್ಯೆಯೂ ಅದೇ ವಾರ ಇತ್ತು. ಬೀಜ ಒಡೆಯುವವನು ಬುಧವಾರ ಬರುತ್ತಾನೆಂದು ಆಕೆ ಹಿಂದಿನ ದಿನವೇ ಫೋನಿನಲ್ಲಿ ತಿಳಿಸಿದ್ದಳು. ಅಂದರೆ ಮುಂದಿನ ಸಲ ಮಣಕ ಬೆದೆಗೆ ಬರುವ ಹೊತ್ತಿಗೆ ಆ ಹೋರಿ ಹೋರಿಯಾಗಿ ಇರುವುದಿಲ್ಲ. ನಾನು ಹಿಂಡಿ ತಿನ್ನಿಸಿ, ನೀರು ಕುಡಿಸಿ, ಹೊಸ ಹಗ್ಗ ಹಾಕಿದೆ. ಬಿಸಿಲು ಏರುವ ಮೊದಲು ನಡೆಸಿಕೊಂಡು ಗುಡ್ಡ ದಾಟಬೇಕೆಂದಿದ್ದೆ. ನನ್ನ ಹೆಂಡತಿ ಸಜ್ಜೆ ಕಟ್ಟಿಕೊಡುವಾಗ ದಿನದ ರೂಢಿಯಂತೆ ಮಗಳ ಫೋನು ಬಂತು. ಮಾತಿನ ನಡುವೆ ಇವಳು, "ಮಣಕ ಬೆದಿಗೆ ಬಂದೈತೆವ್ವ, ನಿಮ್ಮಪ್ಪ ಅದರ ಹಿಂದ ಹತ್ಯಾನ," ಅಂದಳು. ಅಷ್ಟೇ ಅಂದದ್ದು.

ಮಗಳನ್ನು ನಾವು ಕಾರಟಗಿ ಕಡೆಯ ಒಂದು ಊರಿಗೆ ಕೊಟ್ಟಿದ್ದೇವೆ. ಕಾಲುವೆ ನೀರಿನ ಊರು, ಕಣ್ಣು ಹಾಯಿಸಿದಷ್ಟೂ ಭತ್ತ. ಅವಳ ಮಾವ, ಅಂದರೆ ನಮ್ಮ ಬೀಗರು, ಕೆಲಸಕ್ಕಾಗಿ ಅಲ್ಲ, ಮನೆಯ ಘನತೆಗಾಗಿ ಒಂದು ಹೋರಿ ಸಾಕಿದ್ದರು. ಅದರ ಭುಜ ನನ್ನ ತಲೆಗಿಂತ ಮೇಲೆ. ಅವರ ಫೋನಿನ ಮುಖದ ಮೇಲೂ ಅದರದೇ ಚಿತ್ರ. ಪಂಚಮಿಗೆ ಮಗಳನ್ನು ಕರೆಯಲು ಹೋದಾಗ ಅವರು ನನ್ನ ಹೆಗಲ ಮೇಲೆ ಕೈ ಇಟ್ಟು, "ನಿಮ್ಮ ಮಣಕಕ್ಕ ಬ್ಯಾರೆ ಹೋರಿ ಹುಡಕಿದ್ರ ನನಗ ಅಪಮಾನ ನೋಡ್ರಿ ಬೀಗರ," ಎಂದಿದ್ದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸಂಜೆ ಅಡಿಕೆ ತರುವ ನೆಪದಲ್ಲಿ ಅವರ ಊರಿನ ಓಣಿಗಳಿಗೆ ಇಳಿದೆ.

ಆ ಹೋರಿಯ ಕರುಗಳು ನೋಡಲು ಚಂದವೇ ಇದ್ದವು. ಆದರೆ ತಲೆ ನೀರಿನ ಕೊಡದಷ್ಟು ದೊಡ್ಡದು, ಹೆಗಲು ಅಗಲ. ಒಂದು ಮನೆಯ ಮುಂದೆ ಖಾಲಿ ಗೂಟವಿತ್ತು. ಅಲ್ಲಿದ್ದ ಹೆಂಗಸು ಮೊದಲು ಓಣಿಯ ಎರಡೂ ಕಡೆ ನೋಡಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳಿದಳು. "ನಾಕ ಮಂದಿ ಹಗ್ಗ ಕಟ್ಟಿ ಜಗ್ಗಿದ್ರು ಅಣ್ಣಾ. ಕರ ಬರಲೇ ಇಲ್ಲ. ಆಕಳ ನನ್ನ ಮುಖಾನ ನೋಡಕೋತ ಹೋತು. ನೀವು ಅವರ ಬೀಗರಲ್ಲೇನು? ನಾ ಹೇಳೀನಂತ ಹೇಳಬ್ಯಾಡ್ರಿ ಮತ್ತ, ನಾವು ಅವರ ಹೊಲಕ್ಕ ಕೂಲಿಗೆ ಹೋಗಾವ್ರು."

ಹೇಳುವುದಿಲ್ಲ ಎಂದು ಮಾತು ಕೊಟ್ಟು ಬಂದಿದ್ದೆ.

ಸೋಮವಾರ ನಾನು ಹಗ್ಗ ಹಿಡಿದು ಹೊಸ್ತಿಲು ದಾಟಿ ಒಂದಿಷ್ಟು ದೂರ ಹೋಗಿದ್ದೆ. ಅಷ್ಟರಲ್ಲಿ ಮಣಕ ಗದ್ದಲ ಮಾಡಿ, ಹಗ್ಗ ಕಿತ್ತುಕೊಂಡು ಹೋಗಿ ಪಕ್ಕದ ಮನೆಯ ಹಿತ್ತಲಲ್ಲಿ ಸೇರಿಕೊಂಡಿತು. ಅದನ್ನು ಸಮಾಧಾನ ಮಾಡಿ ಹೊರಗೆ ತರುವುದರಲ್ಲಿ ಎರಡು ತಾಸು ಹೋದವು. ನಾನು ಮತ್ತೆ ಹೊರಡುವ ಹೊತ್ತಿಗೆ ಓಣಿಯ ತುದಿಯಲ್ಲಿ ಒಂದು ಟೆಂಪೊ ತಿರುಗಿತು. ಹಿಂದೆ ಕಟ್ಟಿದ ಹೋರಿಯ ಭುಜ ಮೊದಲು ಕಂಡಿತು. ಆಮೇಲೆ ಮುಂದೆ ಡ್ರೈವರನ ಪಕ್ಕ ಕೂತ ಬೀಗರ ಕೆಂಪು ರುಮಾಲು. ಸುದ್ದಿ ಫೋನಿನಿಂದ ಮಗಳಿಗೆ, ಮಗಳಿಂದ ಅತ್ತೆಗೆ, ಅತ್ತೆಯಿಂದ ಮಾವನಿಗೆ ಹೋಗಿ, ಅವರು ನಾಷ್ಟಾ ಕೂಡ ಮಾಡದೆ ಗಾಡಿ ಹತ್ತಿದ್ದರು.

"ಏನ್ರಿ ಬೀಗರ, ಹಗ್ಗ ಹಿಡಕೊಂಡು ಎಲ್ಲಿಗೆ ಹೊಂಟೀರಿ?" ಎಂದು ಇಳಿಯುತ್ತಲೇ ಕೂಗಿದರು. "ಕನ್ಯಾ ಎಲ್ಲಿಗೂ ಹೋಗೂದು ಬ್ಯಾಡ. ವರನ್ನ ಬಾಗಲಮಟ ಕರಕೊಂಬಂದೀನಿ!"

ಓಣಿ ಕೂಡಿತು. ಹಲಗೆ ಇಟ್ಟು ಹೋರಿಯನ್ನು ಇಳಿಸುವಾಗ ಹಲಗೆ ಬಿಲ್ಲಿನಂತೆ ಬಾಗಿತು. ಎದುರು ಮನೆಯ ಮುದುಕ ಕಟ್ಟೆಯ ಮೇಲಿಂದ, "ಲೇ, ಇದು ಹೋರಿಯೋ, ದೇವರ ಮುಂದಿನ ಆನಿಯೋ? ಮಣಕ ಇದರ ನೆರಳಿಗೇ ಕುಂದರತೈತಿ," ಎಂದ. ಜನ ನಕ್ಕರು. ಬೀಗರು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು. ಹೋರಿ ಮೂಗು ಮೇಲೆತ್ತಿ ಗಾಳಿ ಮೂಸಿತು. ನನ್ನ ಕೈಯಲ್ಲಿದ್ದ ಮಣಕ ಅದಕ್ಕೆ ಉತ್ತರ ಕೊಟ್ಟಿತು. ಅದಕ್ಕೇನು ಗೊತ್ತು ಸೊಂಟದ ಅಳತೆ.

ನಾನು ಯಾರ ಮುಂದೂ ಮಾತಿಗೆ ತಡವರಿಸಿದವನಲ್ಲ. ಅವತ್ತು ತಡವರಿಸಿದೆ. ಒಲ್ಲೆ ಅಂದರೆ ಊರ ಮುಂದೆ ಬೀಗರ ರುಮಾಲು ಇಳಿಸಿದ ಹಾಗೆ, ಆ ಮನೆಯಲ್ಲಿ ನನ್ನ ಮಗಳು ಬಾಳುವೆ ಮಾಡಬೇಕು. ಹೂಂ ಅಂದರೆ ಮಣಕದ ಕತೆ ಮುಗಿಯಿತು. ಬೀಗರು ಆಗಲೇ ಹೋರಿಯ ಹಗ್ಗ ಸಡಿಲಿಸುತ್ತಿದ್ದರು.

ಆಗ ಅವ್ವ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ನೀರಿನ ತಂಬಿಗೆ.

"ಮೊದಲ ಕಾಲಿಗೆ ನೀರು ತಗೊರ್ರಿ ಬೀಗರ. ಇವತ್ತ ವಾರ ಯಾವುದ್ರಿ?"

"ಸೋಮವಾರ ಬೇ."

"ಹಂಗಾರ ಹೆಂಗ ಬಿಡೂದ್ರಿ? ಸೋಮವಾರ ನಮ್ಮನ್ಯಾಗ ಬಸವಣ್ಣನ್ನ ದುಡಿಸಂಗಿಲ್ಲ."

ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡದಿರುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇರುವ ನೇಮ. ಆ ನೇಮ ಇದಕ್ಕೂ ಹತ್ತುತ್ತದೆ ಎಂದು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಎದುರು ಮನೆಯ ಮುದುಕ ಸುಮ್ಮನಿರಲಿಲ್ಲ.

"ಯಕ್ಕಾ, ಇದೂ ದುಡಿಮಿ ಏನಬೇ?"

"ಕಾರಟಗಿಯಿಂದ ಇಲ್ಲಿತನ ನಿಂತಕೊಂಡು ಬಂದೈತಿ. ದುಡಿಮಿ ಹೌದೋ ಅಲ್ಲೋ, ಬಂದು ಹೋರೀನ ಕೇಳ," ಎಂದಳು ಅವ್ವ, ಮುಖದ ಒಂದು ಗೆರೆಯೂ ಅಲುಗದಂತೆ.

ಓಣಿಯೆಲ್ಲ ನಕ್ಕಿತು. ಬೀಗರೂ ನಕ್ಕರು. ಗಂಡಾಂತರ ಕಳೆಯಿತು ಎಂದುಕೊಂಡೆ, ಒಂದು ಕ್ಷಣ ಮಾತ್ರ. ಬೀಗರು ಕಾಲು ತೊಳೆದು ಕಟ್ಟೆಯ ಮೇಲೆ ಕೂತು ರುಮಾಲು ಬಿಚ್ಚಿ ಪಕ್ಕಕ್ಕೆ ಇಟ್ಟರು.

"ಆತು ಬಿಡ್ರಿ ಯವ್ವಾ. ನಿಮ್ಮ ನೇಮ ನಾ ಯಾಕ ಮುರೀಲಿ? ಇವತ್ತ ಇಲ್ಲೇ ವಸ್ತಿ. ನಾಳೆ ಮಂಗಳಾರ. ಹೊತ್ತು ಹುಟ್ಟೂದರಾಗ ಬಿಟ್ಟಬಿಡೂನು."

ಅವ್ವ ಒಳಗೆ ಬಂದು ತಂಬಿಗೆ ಇಟ್ಟು ಗೋಡೆಗೆ ಒರಗಿದಳು. "ಊಟ ಮಾಡಿ ಹೊಳ್ಳಿ ಹೋಗ್ತಾರ ಅಂತ ಮಾಡಿದ್ದೆ," ಎಂದಳು ಸಣ್ಣ ದನಿಯಲ್ಲಿ.

ಈಗ ನಾವೇ ಹೇಳಿದ ನೇಮದೊಳಗೆ ನಾವೇ ಸಿಕ್ಕಿಬಿದ್ದಿದ್ದೆವು. ಸೋಮವಾರ ನಮ್ಮ ಮನೆಯಲ್ಲಿ ಆಗುವುದಿಲ್ಲ ಅಂದ ಮೇಲೆ ಸೋಮವಾರವೇ ಮಣಕವನ್ನು ಗುಡ್ಡದ ಆಚೆ ಹೊಡೆದುಕೊಂಡು ಹೋಗಲು ಯಾವ ಮುಖ ಇದೆ? ಬೆದೆ ಒಂದು ಹಗಲು, ಒಂದು ರಾತ್ರಿಗಿಂತ ಹೆಚ್ಚು ನಿಲ್ಲುವುದಿಲ್ಲ. ಮಧ್ಯಾಹ್ನವಿಡೀ ಮಣಕ ಒದರಿತು, ಹೊರಗೆ ಬೇವಿನ ಗಿಡಕ್ಕೆ ಕಟ್ಟಿದ ಹೋರಿ ನೆಲ ಕೆರೆಯಿತು. ನಾನು ಹಿತ್ತಲಿಗೆ ಹೋಗಿ ಗುಡ್ಡದ ಆಚೆಯ ಹೆಂಗಸಿಗೆ ಫೋನು ಹಚ್ಚಿ, ನಾಳೆ ಬರುತ್ತೇನೆ ಎಂದೆ.

"ನಾಳೆ ಅಂದ್ರ ನಾಳೆ ಬರ್ರಿ. ಬುಧವಾರ ಬಂದ್ರ ಎತ್ತನ್ನ ನೋಡಿಕೊಂಡು ಹೋಗೂದಾಕ್ಕೈತಿ," ಎಂದು ಆಕೆ ಫೋನು ಇಟ್ಟಳು.

ಹೊತ್ತು ಇಳಿಯುತ್ತ ಬಂದಂತೆ ಮಣಕದ ದನಿ ಸಣ್ಣದಾಗುತ್ತ ಬಂತು. ಹೆಂಡತಿ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಹೇಳಿದಳು. "ಹೇಳೂದ ಇದ್ರ ಇವತ್ತ ಹೇಳ್ರಿ. ಆದ್ರ ಬಾಯಾಗ ಮಗಳನ್ನ ಇಟ್ಟಕೊಂಡು ಹೇಳ್ರಿ." ಬಾಯಲ್ಲಿ ಮಗಳನ್ನು ಇಟ್ಟುಕೊಂಡರೆ ಮಾತು ಎಲ್ಲಿಂದ ಹೊರಗೆ ಬರಬೇಕು ಎಂದು ನಾನು ಕೇಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಬೀಗರನ್ನೂ ನನ್ನನ್ನೂ ಊಟಕ್ಕೆ ಕೂಡಿಸಿದರು. ಅವರು ಮೊದಲ ರೊಟ್ಟಿ ಮುರಿದಾಗ ನಾನು ಬಾಯಿ ಬಿಟ್ಟೆ.

"ಬೀಗರ, ಸೋಮವಾರದ ಮಾತು ನೆಪ. ನಿಮ್ಮ ಹೋರಿ ನಮ್ಮ ಮಣಕಕ್ಕ ಬ್ಯಾಡ. ಅಕಿ ಸೊಂಟ ಕಿರಿದು. ಅದರ ಕರ ಅಕಿ ಹೊಟ್ಟಿಂದ ಹೊರಗ ಬರೂದಿಲ್ಲ."

ಅವರ ಕೈ ತಾಟಿನ ಮೇಲೆಯೇ ನಿಂತಿತು. "ಯಾರ ಹೇಳಿದ್ರು?"

"ಕರಗೋಳ ನೋಡೀನಿ."

"ಎಲ್ಲಿ ನೋಡೀರಿ?"

"ನಿಮ್ಮೂರಾಗ. ಪಂಚಮಿಗೆ ಬಂದಾಗ. ಖಾಲಿ ಗೂಟಾನೂ ನೋಡೀನಿ."

"ಯಾರ ಮನ್ಯಾಗ?"

"ಅದನ್ನ ಕೇಳಬ್ಯಾಡ್ರಿ. ನಾ ಹೇಳಂಗಿಲ್ಲ."

ಬೀಗರ ಮುಖ ಕಪ್ಪಿಟ್ಟಿತು. ಒಲೆಯ ಮುಂದೆ ರೊಟ್ಟಿಯ ಸಪ್ಪಳ ನಿಂತಿತು. "ನನ್ನ ಮನಿ ಅನ್ನ ಉಂಡು, ನನ್ನ ಊರಾಗ, ನನಗ ತಿಳಿಯದಂಗ ನನ್ನ ಹೋರಿ ಹಿಂದ ಚಾಡಿ ಕೇಳಕೋತ ತಿರಗ್ಯಾಡೀರಿ. ಹೌದಲ್ಲ? ಮಂದಿ ಕೇಳಿದ್ರ ನನ್ನ ಬಗ್ಗೆ ಏನ ತಿಳಕೊಂಡಾರು?"

ಇಲ್ಲಿಗೆ ನಾನು ತಗ್ಗಬೇಕಿತ್ತು ಎಂದು ಹೆಂಡತಿ ಇವತ್ತಿಗೂ ಅನ್ನುತ್ತಾಳೆ. ತಗ್ಗುವುದು ನನಗೆ ಬರುವುದಿಲ್ಲ.

"ಮಗಳ ಕೊಡೂಕಿಂತ ಮೊದಲೂ ನಿಮ್ಮೂರಾಗ ತಿರಗ್ಯಾಡೀನಿ ಬೀಗರ. ಮನಿತನ ಎಂಥಾದ್ದು, ಮಾವ ಎಂಥಾಂವ ಅಂತ ಹತ್ತ ಮಂದೀನ ಕೇಳೀನಿ. ಅವಾಗ ನೀವು ಸಿಟ್ಟಾಗಲಿಲ್ಲಲ್ಲ. ಹೆಣ್ಣ ಕೊಡಾವ ಕೇಳಬೇಕು. ಮಣಕಾನೂ ನನ್ನ ಮನ್ಯಾಗ ಹುಟ್ಟಿದ ಹೆಣ್ಣು."

ಅವರು ಮುರಿದ ರೊಟ್ಟಿಯ ತುಂಡನ್ನು ತಾಟಿನಲ್ಲಿ ತಿರುಗಿಸಿದರು. ಆಮೇಲೆ ತಾಟಿನ ಕಡೆಗೇ ನೋಡುತ್ತ ಕೇಳಿದರು.

"ಅವಾಗ ನನ್ನ ಬಗ್ಗೆ ಏನ ಹೇಳಿದ್ರು?"

"ಸಿಟ್ಟು ಭಾಳ, ಮನಸು ಛಲೋ ಅಂದ್ರು. ಅದಕ್ಕ ಕೊಟ್ಟೆ."

ಅವರು ನಗಲಿಲ್ಲ. ಮುರಿದ ರೊಟ್ಟಿಯನ್ನು ತಿಂದು ಮುಗಿಸಿದರು, ಎರಡನೆಯದನ್ನು ಹಾಕಲು ಬಂದಾಗ ತಾಟಿನ ಮೇಲೆ ಕೈ ಅಡ್ಡ ಇಟ್ಟರು. ಕೈ ತೊಳೆದು ನೆಟ್ಟಗೆ ದನದ ಅಂಕಣಕ್ಕೆ ಹೋದರು. ನಾನು ಕಂಬದ ಹತ್ತಿರ ನಿಂತೆ. ಮಣಕದ ಸೊಂಟದ ಎರಡೂ ಎಲುಬಿನ ನಡುವೆ ಅವರು ಗೇಣು ಇಟ್ಟು ಅಳೆದರು. ಇನ್ನೊಮ್ಮೆ ಅಳೆದರು. ಅದರ ಬೆನ್ನು ಸವರಿ, ನನ್ನ ಪಕ್ಕದಿಂದಲೇ ಹಾದು, ಹೊರಗೆ ಟೆಂಪೊದಲ್ಲಿ ಹಾಸಿಗೆ ಹಾಸಿಕೊಂಡು ಮಲಗಿದರು. ಒಳಗೆ ಹಾಸಿದ್ದ ಹೊಸ ಜಮಖಾನೆ ಖಾಲಿ ಉಳಿಯಿತು. ಅವ್ವ ಅದನ್ನು ಮಡಚಲೂ ಇಲ್ಲ.

ನನಗೆ ನಿದ್ದೆ ಹತ್ತಲಿಲ್ಲ. ನಸುಕಿನಲ್ಲಿ ಎದ್ದಾಗ ಮಣಕ ಒದರುವುದನ್ನು ನಿಲ್ಲಿಸಿ ಮೆಲುಕು ಹಾಕುತ್ತಿತ್ತು. ಮೆಲುಕು ಹಾಕುವ ಆಕಳಿಗೆ ಹೋರಿಯ ಗೊಡವೆ ಇರುವುದಿಲ್ಲ. ಆದರೂ ಹಗ್ಗ ಬಿಚ್ಚಿದೆ. ನಡೆಸಿಕೊಂಡು ಗುಡ್ಡ ದಾಟುವಷ್ಟರಲ್ಲಿ ಉಳಿದಿರುವುದೂ ಆರಿಹೋಗುತ್ತದೆ ಎಂದು ಗೊತ್ತಿದ್ದೂ ಬಾಗಿಲು ತೆರೆದೆ.

ಟೆಂಪೊದ ಹಿಂಭಾಗ ನಮ್ಮ ಹೊಸ್ತಿಲ ಕಡೆಗೆ ತಿರುಗಿ ನಿಂತಿತ್ತು. ಹಲಗೆ ಇಳಿಸಿತ್ತು. ಬೀಗರ ಹೋರಿ ಬೇವಿನ ಗಿಡದ ಕೆಳಗೆ ಮೇವು ತಿನ್ನುತ್ತಿತ್ತು. ಬೀಗರು ರುಮಾಲು ಸುತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು.

"ಹತ್ತಸ್ರಿ ಲಗೂನ," ಎಂದರು ನನ್ನ ಮುಖ ನೋಡದೆ. "ಹೊತ್ತು ಏರಿದ್ರ ಅಕಿ ಯಾವ ಹೋರಿನೂ ನೋಡೂದಿಲ್ಲ."

ದಾರಿಯುದ್ದಕ್ಕೂ ಅವರು ಡ್ರೈವರನ ಜೊತೆ ಮಾತ್ರ ಮಾತಾಡಿದರು. ನಾನು ಹಿಂದೆ ಮಣಕದ ಕೊರಳು ತಬ್ಬಿ ನಿಂತಿದ್ದೆ. ಗುಡ್ಡದ ತಿರುವಿನಲ್ಲಿ ಗಾಡಿ ವಾಲಿದಾಗ ಅದರ ಎದೆಬಡಿತ ನನ್ನ ಕೈಗೆ ಬಂತು.

ಆ ಹೆಂಗಸು ಅಂಗಳ ಸಾರಿಸುತ್ತಿದ್ದಳು. ಹೋರಿಯನ್ನು ಬಿಚ್ಚಿ ತಂದಾಗ ಬೀಗರು ಅದನ್ನು ಮೇಲಿಂದ ಕೆಳಗೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಇದನ್ನ? ಈ ಹೋತ್ಮರೀನ ನೋಡಿ ನನ್ನ ಹೋರಿ ಒಲ್ಲೆ ಅಂದ್ರಿ?"

ಹೆಂಗಸು ಸೆಗಣಿಯ ಕೈಯಲ್ಲೇ ಎದ್ದು ನಿಂತಳು. "ಇವರ್ಯಾರ್ರಿ?"

"ನಮ್ಮ ಬೀಗರು," ಎಂದೆ.

"ಹೌದ್ರಿ? ಬೀಗರ ಮೀಸಿ ಮಸ್ತ್ ಐತಿ. ನಮ್ಮ ಹೋತ್ಮರಿ ಕೆಲಸ ಮುಗಿಸೂತನ ಆಕಡಿ ನಿಂತು ಅದನ್ನ ತಿರವಿಕೊಂಡು ನಿಂದರ್ರಿ ಅನ್ರಿ."

ಬೀಗರು ಕೆಮ್ಮಿದರು. ಆಕೆ ಕಾಯಿ ಒಡೆದು, ಸಜ್ಜೆಯನ್ನು ಹೋರಿಗೆ ತಿನ್ನಿಸಿ, ಹಣೆಗೆ ಕುಂಕುಮ ಹಚ್ಚಿ ಬಿಟ್ಟಳು. ಹೋರಿ ಹತ್ತಿರ ಬಂದು ಮೂಸಿತು. ಮಣಕ ಪಕ್ಕಕ್ಕೆ ಸರಿದು ನಿಂತಿತು. ಎರಡನೆಯ ಸಲ ಬಂದಾಗ ತಿರುಗಿ ಕೊಂಬು ತೋರಿಸಿತು. ಒಂದು ದಿನ ತಡವಾಯಿತು, ನಾವೇ ಕಳೆದೆವು ಎಂದುಕೊಂಡೆ.

"ಹೋರಿನ್ನ ಆಕಡಿ ಒಯ್ದು ಒಂದ ಸುತ್ತ ಹಾಕಿ ತರ್ತೀನಿ," ಎಂದಳು ಹೆಂಗಸು. "ಅಕಿ ಗಾಡ್ಯಾಗ ಅಂಜ್ಯಾಳ. ಮುಂದ ಯಾರರ ಛಲೋ ಕೈಯವ್ರು ನಿಂದರ್ರಿ."

ನಾನು ಹಗ್ಗವನ್ನು ಬಿಗಿಯಾಗಿ ಜಗ್ಗಿ ಹಿಡಿದಿದ್ದೆ. ಹಿಡಿದವನ ಅಂಜಿಕೆ ದನಗಳಿಗೆ ಹಗ್ಗದಿಂದಲೇ ತಿಳಿಯುತ್ತದೆ. ಬೀಗರು ಬಂದು ಹಗ್ಗವನ್ನು ನನ್ನಿಂದ ತೆಗೆದುಕೊಂಡರು. ಮಣಕದ ಮುಂದೆ ನಿಂತು ಅದರ ಕೊರಳ ಕೆಳಗಿನ ಗಂಗೆದೊಗಲನ್ನು ಮೆಲ್ಲಗೆ ತುರಿಸತೊಡಗಿದರು. ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಿದ್ದರು. ನಾನು ಮೂರು ವರ್ಷದಿಂದ ಸಾಕಿದ ಮಣಕ ಪರಊರಿನ ಆ ಮನುಷ್ಯನ ಅಂಗೈಯಲ್ಲಿ ಗದ್ದ ಇಟ್ಟಿತು. ಹೋರಿ ಮತ್ತೆ ಬಂತು. ಮಣಕದ ಬಾಲ ಪಕ್ಕಕ್ಕೆ ಸರಿಯಿತು. ಈ ಸಲ ಅದು ಕೊಂಬು ತಿರುಗಿಸಲಿಲ್ಲ.

ನಿಂತಿತು.

ಹೆಂಗಸು ಓಡಿ ಬಂದು, ಗಬ್ಬ ನಿಲ್ಲಲೆಂದು ಮಣಕದ ಬೆನ್ನಿನ ಮೇಲೆ ತಣ್ಣೀರು ಸುರಿದು, ಬೆನ್ನೆಲುಬನ್ನು ಒತ್ತಿ ಹಿಡಿದಳು. "ಮನೀಗೆ ಹೋಗೂತನ ಮಲಗಸಬ್ಯಾಡ್ರಿ," ಎಂದಳು. ಬೀಗರು ಹಗ್ಗವನ್ನು ನನ್ನ ಕೈಗೆ ಕೊಟ್ಟು ರುಮಾಲಿನಿಂದ ಬೆವರು ಒರೆಸಿಕೊಂಡರು. ಹೊರಡುವಾಗ ಆ ಹೋರಿಯ ಮುಂಗಾಲನ್ನು ಒಮ್ಮೆ ಎತ್ತಿ ಗೊರಸು ನೋಡಿದರು. ಯಾರೂ ನೋಡುತ್ತಿಲ್ಲ ಎಂದುಕೊಂಡು ನೋಡಿದರು.

ನಮ್ಮ ಮನೆಗೆ ಬಂದ ಮೇಲೆ ಅವರು ಚಹಾ ಕೂಡ ಕುಡಿಯದೆ ತಮ್ಮ ಹೋರಿ ಹತ್ತಿಸಿಕೊಂಡು ಹೋದರು. ಅವ್ವ ಹೋರಿಗೆ ಆರತಿ ಎತ್ತಿ ಕಳಿಸಿದಳು. ಆಮೇಲೆ ದಸರೆಗೂ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಮಗಳು ಫೋನಿನಲ್ಲಿ ಎಲ್ಲ ಮಾತೂ ಆಡಿ ಆದ ಮೇಲೆ, ಕೊನೆಗೆ, "ಅಪ್ಪಾ, ಮಾವ ದಿನಾ ಕೇಳ್ತಾರ, ಮಣಕ ಹೊಳ್ಳಿ ಒದರಿತೇನು ಅಂತ," ಅನ್ನುತ್ತಿದ್ದಳು. ಒದರಲಿಲ್ಲ. ಹೊಟ್ಟೆ ಮೆಲ್ಲಗೆ ತುಂಬಿ ಕೆಳಗಿಳಿಯತೊಡಗಿತು.

ದಿನ ತುಂಬಿದ ಮೇಲೆ ನಾನು ಹೊಲಕ್ಕೂ ಸರಿಯಾಗಿ ಹೋಗಲಿಲ್ಲ. ಅಷ್ಟೆಲ್ಲ ಮಾಡಿಯೂ ಕರು ತಾಯಿಯ ಕಡೆಯ ಯಾವುದೋ ದೊಡ್ಡ ಎಲುಬನ್ನು ಹೊತ್ತು ಬಂದರೆ? ಆರಿಸುವುದಷ್ಟೇ ನಮ್ಮ ಕೈಯಲ್ಲಿದೆ, ಒಳಗೆ ಬೆಳೆಯುವುದು ನಮ್ಮನ್ನು ಕೇಳಿ ಬೆಳೆಯುವುದಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಮಣಕ ಬೇವಿನ ನೆರಳಲ್ಲಿ ಏಳುವುದು, ಮಲಗುವುದು ಶುರು ಮಾಡಿತು. ಡಾಕ್ಟರಿಗೆ ಫೋನು ಹಚ್ಚಿದರೆ ಅವರು ಕುಷ್ಟಗಿ ದಾರಿಯಲ್ಲಿದ್ದರು. "ಬರ್ತೀನಿ. ಅಲ್ಲೀತನ ಜಗ್ಗ್ಯಾಡಬ್ಯಾಡ್ರಿ. ಕಾಲಿನ ಜೋಡಿ ಮೂಗು ಕಾಣಬೇಕು, ನೋಡಕೋರ್ರಿ," ಎಂದರು.

ಮೊದಲು ನೀರಿನ ಚೀಲ ಒಡೆಯಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮಣಕ ಹಲ್ಲು ಕಡಿಯಿತು, ಕಣ್ಣು ಮೇಲೆ ಮಾಡಿತು. ಖಾಲಿ ಗೂಟದ ಹತ್ತಿರ ನಿಂತಿದ್ದ ಆ ಹೆಂಗಸು ನನಗೆ ನೆನಪಾದಳು. ಹಗ್ಗ ತರಲೇ ಎಂದು ಅವ್ವನನ್ನು ಕೇಳಿದೆ. "ಸುಮ್ಮ ಕುಂದರ," ಎಂದಳು. ಅವಳು ಮಣಕದ ಹಿಂದೆ ಕಾಲು ಚಾಚಿ ಕೂತಿದ್ದಳು, ಕಣ್ಣು ಕದಲಿಸಲಿಲ್ಲ.

ಎರಡು ಗೊರಸು ಕಂಡವು. ಹಳದಿ, ಮೆತ್ತಗೆ, ಸಣ್ಣವು. ಅವುಗಳ ಮೇಲೆ ಒಂದು ಮೂಗು. ಮಣಕ ಒಮ್ಮೆ ಉದ್ದಕ್ಕೆ ನರಳಿ ಮೈಯನ್ನೆಲ್ಲ ಬಿಗಿ ಮಾಡಿತು. ಹಣೆ ಬಂತು, ಅಲ್ಲಿಯೇ ನಿಂತಿತು. ನಾನು ನೆಲ ಹಿಡಿದುಕೊಂಡೆ. ಇನ್ನೊಂದು ನರಳು. ಹಣೆ ದಾಟಿತು, ಹೆಗಲು ದಾಟಿತು, ಉಳಿದದ್ದು ನೀರಿನಂತೆ ಜಾರಿ ಅವ್ವನ ಸೀರೆಯ ಮೇಲೆ ಬಿತ್ತು.

ಅವ್ವ ಮೂಗು ಒರೆಸಿ, ಕಾಲು ಸರಿಸಿ ನೋಡಿ, "ಹೆಣ್ಣು," ಎಂದಳು. ಸೆರಗಿನ ತುದಿಯಿಂದ ಅದರ ಮೈ ಒರೆಸತೊಡಗಿದಳು. ಮಣಕ ಎದ್ದು ನಿಂತಿತು, ಎರಡು ಹೆಜ್ಜೆ ತೂರಾಡಿತು, ತಿರುಗಿ ಬಂದು ಕರುವನ್ನು ನೆಕ್ಕತೊಡಗಿತು. ಇನ್ನು ಮುಂದೆ ಅದನ್ನು ಮಣಕ ಅನ್ನುವಂತಿರಲಿಲ್ಲ.

ನಾನು ಬೀಗರಿಗೆ ಫೋನು ಹಚ್ಚಿದೆ. ಆ ಸೋಮವಾರದ ನಂತರ ನಾನಾಗಿ ಹಚ್ಚಿದ್ದು ಅದೇ ಮೊದಲು.

"ಏನಾತು?" ಎಂದರು. ನಮಸ್ಕಾರ ಇಲ್ಲ, ಕ್ಷೇಮ ಇಲ್ಲ.

"ಹೆಣ್ಗರ. ತಾಯಿ ಎದ್ದು ನಿಂತಾಳ."

ಆ ಕಡೆ ಭತ್ತದ ಗದ್ದೆಯ ಯಾವುದೋ ಯಂತ್ರದ ಸದ್ದು ಕೇಳುತ್ತಿತ್ತು. ಅವರು ಅದರಿಂದ ದೂರ ನಡೆದು ಬಂದದ್ದು ತಿಳಿಯಿತು.

"ಜಗ್ಗಿದ್ರೇನು?"

"ಇಲ್ಲ. ತಾನ ಬಂತು."

"ಹಂ," ಎಂದರು. "ತಾಯಿ ಹಾಲ ಪೂರಾ ಕುಡಿಸ್ರಿ ಅದಕ್ಕ. ಹಿಂಡಕೋಬ್ಯಾಡ್ರಿ. ಇದರ ಸೊಂಟರ ಅಗಲ ಆಗಲಿ. ಇದು ದೊಡ್ಡದಾದ ಮ್ಯಾಲ ನನ್ನ ಹೋರಿ ಬ್ಯಾಡ ಅಂದ್ರ ನೋಡ್ರಿ ಮತ್ತ."

"ಅವಾಗ ನೀವ ಬಂದು ಗೇಣ ಹಾಕಿ ನೋಡ್ರಿ ಬೀಗರ," ಎಂದೆ. "ಆಮ್ಯಾಲ ಮಾತಾಡೂನು."

"ಅವಾಗ ಯಾಕ? ನಾಳೆ ಬರ್ತೀನಿ. ನಾಳೆ ಸೋಮವಾರ ಅಲ್ಲಲ್ಲ?"

ಅಲ್ಲ ಎಂದೆ. ಫೋನು ಕೆಳಗಿಟ್ಟು ನೋಡಿದರೆ ಕರು ಹಿಂಗಾಲು ಎತ್ತಿ, ಮುಂಗಾಲು ಇನ್ನೂ ಮಡಚಿಕೊಂಡೇ, ಏಳಲು ನೋಡುತ್ತಿತ್ತು. ಬಿತ್ತು. ಮತ್ತೆ ಎತ್ತಿತು. ಅದು ಗೊರಸನ್ನು ನೆಲದ ಮೇಲೆ ಹೇಗೆ ಇಡುತ್ತದೆ ಎಂದು ನೋಡಲು ನಾನು ಬಗ್ಗಿದೆ.